ಮರುಭೂಮಿಯ ಕೊಳ್ಳದಲ್ಲಿ ಎಳ್ಳಮಾಸಿ

ಕೊರೊನಾ ಕಳೆದು ಎರಡನೆಯ ಚಳಿಗಾಲ. ನಾನಾಗ ಒಮಾನ್ ದೇಶದ ಪರ್ವತ ಸೀಮೆಯಲ್ಲಿ, ಪ್ರವಾಸಿಗರನ್ನು ಕಾಲುದಾರಿಯಲ್ಲಿ ಕರೆದೊಯ್ಯುವ ಸಣ್ಣದೊಂದು ಕಂಪನಿಯಲ್ಲಿ ಹಿರಿಯ ಗೈಡ್ ಆಗಿದ್ದೆ. ಊರು ನಿಪ್ಪಾಣಿ. ಅವ್ವ ಬೀಡಿ ಕಟ್ಟುತ್ತಿದ್ದಳು, ಅಪ್ಪ ತಂಬಾಕಿನ ವಖಾರಿಯಲ್ಲಿ ಹಮಾಲ. ರವಿವಾರ ಬಂತೆಂದರೆ ನಾವು ಗೆಳೆಯರು ಬಸ್ಸು ಹಿಡಿದು ಕೊಲ್ಹಾಪುರದ ಆಚೆಯ ಕೋಟೆಗಳನ್ನು ಹತ್ತಲು ಹೋಗುತ್ತಿದ್ದೆವು. ಆ ಹುಚ್ಚೇ ಮುಂದೆ ಹೊಟ್ಟೆಪಾಡಾಯಿತು. ಮೊದಲು ಸಹ್ಯಾದ್ರಿ, ಆಮೇಲೆ ಒಮಾನ್. ಈಗ ನಿವೃತ್ತನಾಗಿ ನಿಪ್ಪಾಣಿಗೆ ಮರಳಿದ್ದೇನೆ. ನನ್ನ ಮಂಡಿ ಸವೆದಿದೆ, ಬಾಯಿ ಮಾತ್ರ ಸವೆದಿಲ್ಲ ಎಂದು ಹೆಂಡತಿಯ ತಕರಾರು.

ನಾನು ಕೆಲಸ ಮಾಡಿದ ಕೊಳ್ಳವನ್ನು ಕಾಣದವರಿಗೆ ಎರಡು ಮಾತು ಹೇಳಬೇಕು. ಮರವಿಲ್ಲ, ಹುಲ್ಲಿಲ್ಲ. ಬೋಳು ಬೆಟ್ಟದ ಮೇಲೆ ಗಾಡಿ ನಿಲ್ಲಿಸಿ ಹತ್ತು ಹೆಜ್ಜೆ ನಡೆದರೆ ಮುಂದೆ ನೆಲವೇ ಇರುವುದಿಲ್ಲ. ಆ ಅಂಚಿಗೆ ರಿಮ್ ಅನ್ನುತ್ತಾರೆ. ಅಲ್ಲಿಂದ ಕೆಳಗೆ, ಒಂದು ಕಿಲೋಮೀಟರಿಗೂ ಮಿಕ್ಕಿದ ಆಳದಲ್ಲಿ, ಒಣಗಿದ ಹೊಳೆಯ ಪಾತ್ರ. ಗೋಡೆಯ ನಡುವೆ ಅಲ್ಲಲ್ಲಿ ಕಟ್ಟೆಯಂತೆ ಚಾಚಿದ ಬಂಡೆಗಳ ಮೇಲೆ ಜನ ಬಿಟ್ಟುಹೋದ ಹಳೆಯ ಊರುಗಳಿವೆ. ನಮ್ಮ ಒಂದು ದಿನದ ನಡಿಗೆ ಅಂಥದೊಂದು ಹಾಳೂರಿನವರೆಗೆ ಇಳಿದು, ಸಂಜೆಯೊಳಗೆ ಹತ್ತಿ ಬರುವುದು.

ಗುಡ್ಡ ಹತ್ತುವವನು ಸುಸ್ತಾದರೆ ಅರ್ಧಕ್ಕೇ ತಿರುಗಿ ಇಳಿದು ಬರಬಹುದು. ಕೊಳ್ಳದಲ್ಲಿ ಲೆಕ್ಕ ತಿರುಗುಮುರುಗು. ಮೈಯಲ್ಲಿ ಕಸುವು ಇರುವಾಗ ಇಳಿಜಾರು, ಕಾಲು ಸೋತ ಮೇಲೆ ಏರು. ಇಳಿಯುವಾಗ ಎಲ್ಲರೂ ಶೂರರೇ. ಅದಕ್ಕೇ ನಮ್ಮಲ್ಲಿ ಟರ್ನ್‌ಅರೌಂಡ್ ಟೈಮ್ ಎಂಬ ಕಟ್ಟುನಿಟ್ಟಿನ ನಿಯಮವಿದೆ. ಎಲ್ಲಿಗೆ ಮುಟ್ಟಿರಲಿ, ಬಿಟ್ಟಿರಲಿ, ಆ ಹೊತ್ತಿಗೆ ಮುಖ ಮೇಲಕ್ಕೆ ತಿರುಗಿಸಲೇಬೇಕು.

ಜೂನಿನಲ್ಲಿ ಅಲ್ಲಿಯ ಬಿಸಿಲಿಗೆ ಕಲ್ಲು ಮುಟ್ಟಲಾಗುವುದಿಲ್ಲ, ನಮ್ಮ ಧಂದೆ ಬಂದ್. ಪ್ರತಿ ವರ್ಷ ಆ ಹೊತ್ತಿಗೆ ನಾನು ರಜೆಯ ಮೇಲೆ ನಿಪ್ಪಾಣಿಯಲ್ಲಿರುತ್ತಿದ್ದೆ. ಆ ಸಲ ನಾನು ಬಂದ ವಾರದಲ್ಲೇ ಮಂಗಸೂಳಿಯಿಂದ ಅಣ್ಣಾಸಾಹೇಬರು ಮನೆ ಹುಡುಕಿಕೊಂಡು ಬಂದರು. ದ್ರಾಕ್ಷಿ ಬೆಳೆಗಾರರು. ಎತ್ತರದ ಆಳು, ಅದಕ್ಕಿಂತ ಎತ್ತರದ ದನಿ. ನಮ್ಮ ಪಡಸಾಲೆಯಲ್ಲಿ ಕೂತು ಅವರು ಮಾತಾಡಿದ್ದು ಇಡೀ ಓಣಿಗೆ ಕೇಳಿಸಿತು. ಮಂಗಸೂಳಿ, ಕಾಗವಾಡ, ಜುಗೂಳದ ಹದಿನಾಲ್ಕು ಮಂದಿ, ಕೆಲವರು ಗಂಡಹೆಂಡತಿ ಜೋಡಿಯಾಗಿ, ಡಿಸೆಂಬರಿನಲ್ಲಿ ಒಮಾನಿಗೆ ಹೊರಟಿದ್ದರು. ಮಸ್ಕತ್ತಿನ ಪೇಟೆಯಲ್ಲಿ ಒಣದ್ರಾಕ್ಷಿಯ ವ್ಯಾಪಾರ ನೋಡುವುದು, ಅಲ್ಲಿಯ ಗುಡ್ಡದ ಮೇಲಿನ ದ್ರಾಕ್ಷಿ, ದಾಳಿಂಬೆ ತೋಟ ನೋಡುವುದು, ಕೊನೆಗೆ ಕೊಳ್ಳ.

“ಮ್ಯಾಲ ನಿಂತು ಫೋಟೋ ಹೊಡಕೊಂಡು ಬರೂದಲ್ರಿ ಪಾವಣ್ಯಾರ. ಕೆಳಗ ಇಳೀಬೇಕು. ನಮ್ಮ ಮಂದಿ ಅರ್ಧಾ ಕೆಲಸಾ ಮಾಡೂದಿಲ್ಲ,” ಅಂದರು. ಪಾವಣ್ಯಾರು ಅಂದರೆ ನೆಂಟರು, ಅವರಿಗೆ ಎಲ್ಲರೂ ನೆಂಟರೇ.

ತಯಾರಿ ಇಲ್ಲದೆ ಇಳಿಸುವುದಿಲ್ಲ ಎಂದು ನಾನೂ ಅಷ್ಟೇ ಗಟ್ಟಿಯಾಗಿ ಹೇಳಿದೆ. ಆದರೆ ತಯಾರಿ ಎಲ್ಲಿ ಮಾಡಿಸುವುದು? ಕೃಷ್ಣೆಯ ದಂಡೆಯ ಆ ಸೀಮೆ ರೊಟ್ಟಿಯ ಹಂಚಿನಷ್ಟು ಸಪಾಟು. ಗುಡ್ಡವೆಂದು ಕರೆಯುವ ಒಂದು ದಿಬ್ಬವೂ ಹತ್ತಿರದಲ್ಲಿಲ್ಲ. ಮಾತಿನ ನಡುವೆ ಅವರು ತಮ್ಮ ಹೊಲದ ಹಳೆಯ ಬಾವಿಯ ಸುದ್ದಿ ತೆಗೆದರು. ಎತ್ತು ಹೂಡಿ ನೀರೆತ್ತುತ್ತಿದ್ದ ಕಾಲದ್ದು, ಆರೇಳು ಆಳು ಆಳ, ಒಂದು ಮಗ್ಗುಲಿಗೆ ಕಲ್ಲಿನ ಮೆಟ್ಟಿಲು. ಈಗ ತೋಟಕ್ಕೆ ಹೊಳೆಯ ನೀರು ಪೈಪಿನಲ್ಲಿ ಬರುವುದರಿಂದ ಬಾವಿ ಸುಮ್ಮನೆ ಬಿದ್ದಿತ್ತು. ಮೊದಲು ಇಳಿಯುವುದು, ಆಮೇಲೆ ಹತ್ತುವುದು. ನನಗೆ ಬೇಕಾದ ಶಾಲೆ ಸಿಕ್ಕಿತು.

ಹೊರಡುವಾಗ ಅಣ್ಣಾಸಾಹೇಬರು ಬಾಗಿಲಲ್ಲಿ ನಿಂತು ಮೊದಲ ಸಲ ದನಿ ತಗ್ಗಿಸಿದರು. “ನಮ್ಮಾಕಿನೂ ಬರ್ತಾಳ್ರಿ. ಮೊಣಕಾಲ ಬ್ಯಾನಿ ಐತಿ, ಆದ್ರೂ ಇಳೀತೇನಿ ಅಂತ ಹಟಾ ಹಿಡಿದಾಳ. ನೀವ ಬ್ಯಾಡ ಅಂತ ಒಂದ ಮಾತ ಹೇಳಿಬಿಡ್ರಿ. ನನ್ನ ಮಾತ ಕೇಳೂದಿಲ್ಲ, ಗೈಡ್ ಸಾಹೇಬ್ರ ಅಂದ್ರ ಕೇಳ್ತಾಳ. ಮ್ಯಾಲ ಕುಂತು ಚೀಲಾ ನೋಡ್ಕೋತಾಳ.”

ಇಂಥ ಗುಟ್ಟಿನ ಬೇಡಿಕೆ ನನಗೆ ಹೊಸದಲ್ಲ. ಗೈಡ್ ಆದವನ ಹತ್ತಿರ ಪ್ರತಿ ಗುಂಪಿನಲ್ಲೂ ಯಾರೋ ಒಬ್ಬರು ಇನ್ನೊಬ್ಬರ ಪರವಾಗಿ ಹೀಗೆ ಬಂದು ಪಿಸುಗುಡುತ್ತಾರೆ. ನೋಡೋಣ ಎಂದಷ್ಟೇ ಹೇಳಿ ಕಳಿಸಿದೆ.

ಮುಂದಿನ ವಾರ ಮಂಗಸೂಳಿಗೆ ಹೋದೆ. ಮಳೆ ಇನ್ನೂ ಹಿಡಿದಿರಲಿಲ್ಲ, ಬಾವಿಯ ತಳದಲ್ಲಿ ನೀರು ಸ್ವಲ್ಪವೇ ಇತ್ತು. ಹದಿನಾಲ್ಕು ಮಂದಿ ಬೆನ್ನಿಗೆ ಚೀಲ ಹಾಕಿಕೊಂಡು ಸಾಲಾಗಿ ಬಾವಿಗೆ ಇಳಿಯುವುದು, ಹತ್ತುವುದು ಶುರುವಾಯಿತು. ಅಕ್ಕಪಕ್ಕದ ಹೊಲದವರು ಕೆಲಸ ಬಿಟ್ಟು ಬಂದು ಬಾವಿಯ ಸುತ್ತ ನಿಂತರು.

“ಏನ ಬಿದ್ದೈತ್ರಿ ಬಾವ್ಯಾಗ?” ಎಂದು ಒಬ್ಬ ಮುದುಕ ಗಾಬರಿಯಿಂದ ಕೇಳಿದ.

“ಏನೂ ಬಿದ್ದಿಲ್ಲೋ ಮುತ್ತ್ಯಾ. ಒಮಾನಿಗೆ ಹೊಂಟೇವಿ,” ಎಂದು ಕೆಳಗಿನಿಂದ ಉತ್ತರ ಬಂತು. ಮುದುಕ ಬಾವಿಯೊಳಗೆ ಇನ್ನೊಮ್ಮೆ ಇಣುಕಿ ನೋಡಿ, ತಲೆಯಾಡಿಸಿ ಹೋದ.

ರೆಸ್ಟ್ ಸ್ಟೆಪ್ ಎಂಬ ಹೆಜ್ಜೆಯನ್ನು ಕಲಿಸಿದೆ. ಹತ್ತುವಾಗ ಹಿಂದಿನ ಕಾಲನ್ನು ನೆಟ್ಟಗೆ ಮಾಡಿ, ಮೈಭಾರವನ್ನು ಅದರ ಎಲುಬಿನ ಮೇಲೆ ಬಿಟ್ಟು, ಒಂದು ಉಸಿರು ತೆಗೆದುಕೊಂಡು ಮುಂದಿನ ಹೆಜ್ಜೆ ಇಡುವುದು. ನೋಡುವವರಿಗೆ ಮದುವೆ ಮೆರವಣಿಗೆಯ ಗತ್ತು ಕಾಣುತ್ತದೆ, ಆದರೆ ದಿನವಿಡೀ ಹತ್ತಿದರೂ ದಮ್ಮು ಹತ್ತುವುದಿಲ್ಲ. ಅಣ್ಣಾಸಾಹೇಬರಿಗೆ ಅದು ಸೇರಲಿಲ್ಲ. ಎರಡೆರಡು ಮೆಟ್ಟಿಲು ಹಾರಿ ಹತ್ತಿ, ಮೇಲೆ ನಿಂತು ಮೀಸೆ ಸವರಿದರು. ಕಾಗವಾಡದ ಹೈಸ್ಕೂಲಿನ ಹೆಡ್‌ಮಾಸ್ತರ್ ಕಾಂಬಳೆ ಸರ, ಗುಂಪಿನಲ್ಲಿ ನೌಕರಿದಾರರು ಅವರೊಬ್ಬರೇ, ಹೇಳಿದ್ದನ್ನು ಹೇಳಿದ ಹಾಗೆ ಮಾಡಿದರು.

ಎಲ್ಲರ ಕೊನೆಗೆ ಅಣ್ಣಾಸಾಹೇಬರ ಮನೆಯವರು, ಸಾವಕ್ಕ. ಅರವತ್ತಕ್ಕೆ ಹತ್ತಿರದ ವಯಸ್ಸು, ಸಣ್ಣ ಆಕೃತಿ, ಕಚ್ಚೆ ಹಾಕಿ ಉಟ್ಟ ಸೀರೆ. ಇಳಿಯುವಾಗ ಪ್ರತಿ ಮೆಟ್ಟಿಲಿಗೂ ತುಟಿ ಬಿಗಿಯುತ್ತಿದ್ದರು. ಮಂಡಿ ಸವೆದವರಿಗೆ ಏರಿಗಿಂತ ಇಳಿಜಾರೇ ಶತ್ರು. ಮೇಲೆ ಬಂದು ಬಾವಿಕಟ್ಟೆಯ ಮೇಲೆ ಕೂತಾಗ, ನೀವು ಇಳಿಯಲೇಬೇಕು ಅನ್ನುವುದು ಯಾಕೆ ಎಂದು ಕೇಳಿದೆ.

“ತಮ್ಮಾ, ಲಗ್ನಾದ ಹೊಸದಾಗಿ ಜೋತಿಬಾ ಗುಡ್ಡಕ ಹೋದ್ವಿ. ಹೊಟ್ಟ್ಯಾಗ ಕೂಸ ಐತಿ, ನೀ ಇಲ್ಲೇ ಚೀಲಾ ನೋಡ್ಕೋತ ಕೂಡು ಅಂದ್ರು. ಕುಂತೆ. ಮುಂದ ಕೂಸು ಕಂಕುಳಾಗ ಇತ್ತು, ಕುಂತೆ. ಆಮ್ಯಾಲ ಅತ್ತಿಗಿ ಆರಾಮಿಲ್ಲ, ಅವರ ಜೋಡಿ ಕುಂತೆ. ಈಗ ಮೊಣಕಾಲ ಅಂತಾರ. ಪನ್ಹಾಳಾ ಕೋಟಿ ನೋಡೇನಿ ಅಂತ ಎಲ್ಲಾರ ಮುಂದೂ ಹೇಳ್ತೇನಿ. ನಾ ನೋಡಿದ್ದು ಅದರ ಪಾರ್ಕಿಂಗ್ ಅಷ್ಟ.”

ಹೇಳಿ ಅವರೇ ನಕ್ಕರು. ನನಗೆ ನಗು ಬರಲಿಲ್ಲ. ನನ್ನ ಅವ್ವನೂ ಒಂದು ಕೋಟೆಯ ಬಾಗಿಲು ಕಂಡವಳಲ್ಲ, ನಾನು ಕರೆದುಕೊಂಡು ಹೋಗುವ ಹೊತ್ತಿಗೆ ಅವಳಿರಲಿಲ್ಲ. ಆದರೆ ಮರುಕಕ್ಕೆ ಯಾರನ್ನೂ ಕೊಳ್ಳಕ್ಕೆ ಇಳಿಸಲಾಗದು. ಎರಡು ಶರತ್ತು ಹಾಕಿದೆ. ಮಿರಜಿನ ಡಾಕ್ಟರು ಮಂಡಿ ನೋಡಿ ಆಗಬಹುದು ಅನ್ನಬೇಕು. ಡಿಸೆಂಬರಿನವರೆಗೆ ದಿನಾ ಬಾವಿ ಇಳಿದು ಹತ್ತಬೇಕು. ಅಣ್ಣಾಸಾಹೇಬರಿಗೆ, “ಬ್ಯಾಡ ಅನ್ನಾಕ ನನಗ ಕಾರಣ ಬೇಕ್ರಿ. ಬಾವಿ ಏನ ಹೇಳ್ತೈತಿ ನೋಡೂಣ,” ಅಂದೆ. ಅವರ ಮುಖ ಸಪ್ಪಗಾಯಿತು.

ಡಾಕ್ಟರು ಒಪ್ಪಿದರು. ನಡೆಯುವುದೇ ಔಷಧ, ಆದರೆ ಕೋಲು ಹಿಡಿದು, ಹಾರದೆ, ಜಿಗಿಯದೆ ಎಂದರಂತೆ. ನಾನು ಮರಳಿ ಕೆಲಸಕ್ಕೆ ಹೋದ ಮೇಲೆ ಕಾಂಬಳೆ ಸರ ಆಗಾಗ ವಿಡಿಯೋ ಕಳಿಸುತ್ತಿದ್ದರು. ಮಳೆಗಾಲ ಬಂದು ಗಂಡಸರ ಉತ್ಸಾಹ ಇಳಿಯಿತು, ಬಾವಿಯ ನೀರು ಏರಿತು. ಮೆಟ್ಟಿಲು ಕಡಿಮೆಯಾದವೆಂದು ಸಾವಕ್ಕ ಇಮ್ಮಡಿ ಸಲ ಇಳಿಯತೊಡಗಿದರಂತೆ. ದೀಪಾವಳಿಯ ಹೊತ್ತಿನ ವಿಡಿಯೋದಲ್ಲಿ ಅವರ ತುಟಿ ಬಿಗಿದಿರಲಿಲ್ಲ. ಹತ್ತುತ್ತಲೇ ಯಾರಿಗೋ ಹಾಲಿನ ಡೇರಿಯ ಸುದ್ದಿ ಹೇಳುತ್ತಿದ್ದರು. ಆ ದಿನವೇ ನಾನು ಅವರ ಹೆಸರನ್ನು ಪಕ್ಕಾ ಮಾಡಿದೆ.

ಡಿಸೆಂಬರಿನಲ್ಲಿ, ದ್ರಾಕ್ಷಿಗೊನೆಗಳನ್ನು ಔಷಧದಲ್ಲಿ ಅದ್ದುವ ಡಿಪ್ಪಿಂಗ್ ಮುಗಿಸಿ, ತೋಟವನ್ನು ತಮ್ಮಂದಿರಿಗೆ ಒಪ್ಪಿಸಿ, ಗುಂಪು ಬಂದಿಳಿಯಿತು. ಬೆಟ್ಟದ ಬುಡದಲ್ಲಿ ಅಡುಗೆಮನೆಯಿದ್ದ ಒಂದು ಅತಿಥಿಗೃಹ ಹಿಡಿದುಕೊಟ್ಟಿದ್ದೆ. ನಡಿಗೆಯ ಹಿಂದಿನ ಸಂಜೆ ಎಲ್ಲರನ್ನೂ ಕೂರಿಸಿ ದಾರಿಯ ವಿವರ ಹೇಳಿದೆ. ಹಾಳೂರಿನಲ್ಲಿ ಗೋಡೆ ಕಟ್ಟಿ, ಮಣ್ಣು ಹೊತ್ತು ತಂದು ಮಾಡಿದ ಸಣ್ಣ ಸಣ್ಣ ಮೆಟ್ಟಿಲು ಹೊಲಗಳಿವೆ, ಬಂಡೆಯಿಂದ ಜಿನುಗುವ ನೀರಿನ ಹೊಂಡವಿದೆ ಎಂದೆ. ಹೊಲ ಅಂದಾಗ ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡದ್ದು ನನಗೆ ಕಂಡಿತು. ಅರ್ಥವಾಗಲಿಲ್ಲ. ಪ್ರತಿಯೊಬ್ಬರ ಚೀಲದಲ್ಲಿ ದೊಡ್ಡ ನೀರಿನ ಬಾಟಲಿ ಮೂರು ಮೂರು ನನ್ನ ಕೈಯಾರೆ ಇಟ್ಟು, ಇದರಲ್ಲಿ ಒಂದೂ ಕಮ್ಮಿಯಾಗಕೂಡದು ಎಂದು ತಾಕೀತು ಮಾಡಿದೆ.

ಬೆಳಿಗ್ಗೆ ರಿಮ್ ಮೇಲೆ ಚಳಿಗಾಳಿ. ಅಣ್ಣಾಸಾಹೇಬರು ಅಂಚಿಗೆ ಹೋಗಿ ಕೆಳಗೆ ನೋಡಿದರು, ಎರಡು ಹೆಜ್ಜೆ ಹಿಂದೆ ಬಂದರು.

“ಇದು ಬಾವಿ ಅಲ್ರಿ, ಬಾವಿಗೋಳ ಮುತ್ತ್ಯಾ ಐತಿ,” ಎಂದರು ಕಾಂಬಳೆ ಸರ. ಎಲ್ಲರೂ ನಕ್ಕರು, ನಗುವಿನಲ್ಲಿ ನಡುಕವೂ ಇತ್ತು. ಹೊರಡುವ ಹೊತ್ತಿಗೆ ಅಣ್ಣಾಸಾಹೇಬರಿಗೆ ದನಿ ಮರಳಿತು. “ಹಂಗಾರ ಮ್ಯಾಲಿನ ಚೀಲಾ ಯಾರ ನೋಡ್ಕೋತಾರ್ರಿ?”

ಸಾವಕ್ಕ ಎರಡೂ ಕೈಯಲ್ಲಿ ನಡಿಗೆಯ ಕೋಲುಗಳನ್ನು ಬಿಗಿಯಾಗಿ ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದರು. ಆರು ತಿಂಗಳು ಬಾವಿ ಇಳಿದ ಹೆಣ್ಣುಮಗಳು ಆ ಒಂದು ಪ್ರಶ್ನೆಗೆ ಮತ್ತೆ ಪಾರ್ಕಿಂಗಿನಲ್ಲಿ ಕೂರುವಂತಾಗಬಹುದಿತ್ತು.

“ಚೀಲಾ ಗಾಡ್ಯಾಗ, ಗಾಡಿಗಿ ಕೀಲಿ,” ಅಂದೆ. “ಎಲ್ಲಾರೂ ಇಳೀತಾರ.”

ಏಳುಕೋಟಿ ಏಳುಕೋಟಿ ಎಂದು ಮಂಗಸೂಳಿಯ ದೇವರು ಮಲ್ಲಯ್ಯನಿಗೆ ಕೂಗು ಹಾಕಿ ಇಳಿಯಲು ಹೊರಟೆವು. ದಾರಿ ಗೋಡೆಗೆ ಅಂಟಿಕೊಂಡು ಹೋಗುತ್ತದೆ, ಕೆಲವೆಡೆ ಇಬ್ಬರು ಜೊತೆಯಾಗಿ ನಿಲ್ಲುವಷ್ಟು ಅಗಲ, ಕೆಲವೆಡೆ ಒಬ್ಬರಿಗೇ ಸರಿ. ಬಂಡೆಯಲ್ಲಿ ಸಮುದ್ರದ ಚಿಪ್ಪಿನ ಗುರುತುಗಳಿವೆ. ಈ ಬೆಟ್ಟ ಒಂದು ಕಾಲಕ್ಕೆ ಕಡಲ ತಳವಾಗಿತ್ತು ಎಂದಾಗ ಯಾರೂ ನಂಬಲಿಲ್ಲ, ಕಾಂಬಳೆ ಸರ ಸಾಕ್ಷಿ ಹೇಳಿದ ಮೇಲೆ ನಂಬಿದರು. ಎಲ್ಲಿಂದಲೋ ಒಂದು ಆಡು ಬಂದು ನಮ್ಮ ಹಿಂದೆಯೇ ನಡೆಯತೊಡಗಿತು. ಸಾವಕ್ಕ ಎತ್ತರದ ಮೆಟ್ಟಿಲುಗಳಲ್ಲಿ ಕಲಿಸಿದ ಹಾಗೆ ಮಗ್ಗುಲಾಗಿ ತಿರುಗಿ, ಕೋಲು ಊರಿ ಇಳಿಯುತ್ತಿದ್ದರು. ನಿಧಾನ, ಆದರೆ ಒಂದು ಕಲ್ಲೂ ಜಾರಲಿಲ್ಲ. ಕೊನೆಯ ತಿರುವು ದಾಟಿದಾಗ ಚಾಚಿದ ಬಂಡೆಯ ನೆರಳಲ್ಲಿ ಮಣ್ಣುಬಣ್ಣದ ಮನೆಗಳು, ಅವುಗಳ ಮುಂದೆ ಅಂಗೈಯಗಲದ ಹೊಲಗಳು ಕಂಡವು. ಸಾವಕ್ಕ ನಿಂತರು. “ಬಂದೆ ನೋಡ,” ಎಂದು ತಮಗೆ ತಾವೇ ಅಂದುಕೊಂಡರು.

ಆ ಹೊತ್ತಿನ ಸಂತೋಷ ನನಗೆ ಪೂರ್ತಿ ದಕ್ಕಲಿಲ್ಲ, ಯಾಕೆಂದರೆ ಅಷ್ಟರಲ್ಲಿ ಜಮಖಾನೆ ಬಿಚ್ಚಿತು. ಜಮಖಾನೆ! ಅದರ ಮೇಲೆ ಒಂದೊಂದು ಚೀಲದಿಂದ ಹೊರಬಿದ್ದದ್ದು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಕಡಬು, ಶೇಂಗಾ ಹೋಳಿಗೆ, ನಾಲ್ಕೈದು ಬಗೆಯ ಚಟ್ನಿ, ಒಂದು ಡಬ್ಬಿ ಮೊಸರನ್ನ. ಬೆಳಗಿನಿಂದ ಗಾಡಿಯಲ್ಲಿ ಬೆಳ್ಳುಳ್ಳಿಯ ವಾಸನೆ ಯಾಕೆ ಎಂಬುದು ಆಗ ಹೊಳೆಯಿತು. ಕೂಡಲೇ ಇನ್ನೊಂದೂ ಹೊಳೆಯಿತು.

“ನೀರೆಲ್ಲಿ?” ಎಂದೆ.

“ಗಾಡ್ಯಾಗ ಅದಾವ್ರಿ,” ಎಂದರು ಅಣ್ಣಾಸಾಹೇಬರು, ಯಾವ ಅಳುಕೂ ಇಲ್ಲದೆ. “ಚೀಲದಾಗ ಜಾಗಾ ಆಗಲಿಲ್ಲ. ಒಂದೊಂದ ಬಾಟ್ಲಿ ಇಟಗೊಂಡು ಉಳಿದದ್ದು ತಗದ್ವಿ. ಕೆಳಗ ನೀರ ಐತಿ ಅಂತ ನೀವ ಅಂದಿದ್ರೆಲ್ಲಾ? ಇವತ್ತ ಎಳ್ಳಮಾಸಿ ರೀ ಪಾವಣ್ಯಾರ. ನಮ್ಮ ಹೊಲಾ ಬಿಟ್ಟು ಇಷ್ಟ ದೂರ ಬಂದೇವಿ. ಹೊಲಕ್ಕ ಉಣಸದ ನಾವ ಹ್ಯಾಂಗ ಉಣ್ಣೂದು? ಇಲ್ಲಿ ಹೊಲಾ ಅದಾವ ಅಂತ ನೀವ ಹೇಳಿದ್ದಕ್ಕ ಎಲ್ಲಾರೂ ನಸುಕಿನ್ಯಾಗ ಎದ್ದು ಅಡಗಿ ಮಾಡ್ಯಾರ.”

ಎಳ್ಳ ಅಮಾವಾಸ್ಯೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹಿಂಗಾರಿನ ಪೈರು ನಿಂತಿರುವ ಹೊತ್ತು, ನಮ್ಮ ಕಡೆಯ ರೈತರು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಮೊದಲು ಭೂಮಿಗೆ ಉಣಿಸಿ ಆಮೇಲೆ ತಾವು ಉಣ್ಣುತ್ತಾರೆ. ಒಬ್ಬರು ಎಲ್ಲ ಅಡುಗೆ ಕಲಸಿ ಹೊಲದ ತುಂಬ ಎರಚುತ್ತ ಮುಂದೆ ಹೋದರೆ ಇನ್ನೊಬ್ಬರು ಹಿಂದೆ ನೀರು ಚಿಮುಕಿಸುತ್ತ ಹೋಗುತ್ತಾರೆ. ಅದಕ್ಕೆ ಚರಗ ಚೆಲ್ಲುವುದು ಅನ್ನುತ್ತಾರೆ. ಬೀಡಿ ಕಟ್ಟುವವರ ಮನೆಯಲ್ಲಿ ಹುಟ್ಟಿದ ನನಗ್ಯಾವ ಹೊಲ? ಅಮಾವಾಸ್ಯೆಯ ನೆನಪೂ ಇರಲಿಲ್ಲ.

ನಾನು ಕೂಗಾಡಿದೆ. ನಿಪ್ಪಾಣಿಯಲ್ಲಿ ಕಲಿತ ಎಲ್ಲ ಬೈಗುಳ ಬಳಸಲಿಲ್ಲ, ಹೆಂಗಸರಿದ್ದರು. ಹೊಂಡಕ್ಕೆ ಓಡಿ ನೋಡಿದರೆ ಅದು ಆ ವರ್ಷ ಕುಗ್ಗಿ ಹಸಿರುಗಟ್ಟಿತ್ತು. ಪುಣ್ಯಕ್ಕೆ ನನ್ನ ಚೀಲದಲ್ಲಿ ಕೈಪಂಪಿನ ಫಿಲ್ಟರ್ ಯಾವಾಗಲೂ ಇರುತ್ತದೆ. ಅಂಥ ನೀರನ್ನೂ ಅದು ಶುದ್ಧ ಮಾಡುತ್ತದೆ, ಆದರೆ ನಿಧಾನವಾಗಿ. ಅಷ್ಟು ಮಂದಿಗೆ ನೀರು ತುಂಬುವ ಹೊತ್ತಿಗೆ ಟರ್ನ್‌ಅರೌಂಡ್ ಟೈಮ್ ದಾಟುವುದು ಖಂಡಿತ. ನೀರಿಲ್ಲದೆ ಹತ್ತಿಸುವುದು ಅದಕ್ಕಿಂತ ಕೆಟ್ಟದ್ದು. ಹೊಂಡದ ಪಕ್ಕ ಕೂತು ಪಂಪು ಒತ್ತತೊಡಗಿದೆ.

ಸಾವಕ್ಕ ಬಂದು ತಮ್ಮ ಚೀಲ ಬಿಚ್ಚಿದರು. ಮೂರೂ ಬಾಟಲಿ ಇದ್ದವು, ಎರಡು ಮುಟ್ಟಿಯೂ ಇರಲಿಲ್ಲ. “ನಾ ತಗೀಲಿಲ್ಲ ತಮ್ಮಾ. ನೀ ಹೇಳಿದ್ದರಾಗ ಒಂದ ತಪ್ಪಿದ್ರೂ ನನ್ನ ಹೊಳ್ಳಿ ಕಳಸ್ತೀ ಅಂತ ಹೆದರಿಕಿ ಇತ್ತು,” ಎಂದರು. ಆಮೇಲೆ, “ಇದರಾಗ ಒಂದೀಟ ಚಿಮುಕಸ್ತೇನಿ. ಉಣ್ಣಾಕ ಕೊಟ್ಟು ನೀರ ಕೊಡದಿದ್ರ ಹ್ಯಾಂಗ?”

ಒಂದು ಹನಿಯೂ ಇಲ್ಲ ಎನ್ನಲು ಬಾಯಿ ತೆರೆದವನು ಅವರ ಮುಖ ನೋಡಿ, “ಮುಚ್ಚಳದಾಗ ಹಾಕೊಂಡ ಚಿಮುಕಸ್ರಿ,” ಅಂದೆ.

ಅಣ್ಣಾಸಾಹೇಬರು ಚರಗದ ಬುಟ್ಟಿಯ ಬದಲು ಟಿಫಿನ್ ಡಬ್ಬಿ ಹಿಡಿದು ಆ ಹಾಳು ಹೊಲದಲ್ಲಿ ಕಾಲಿಟ್ಟರು. ಬಗ್ಗಿ ಒಂದು ಹಿಡಿ ಮಣ್ಣು ಎತ್ತಿ ಪುಡಿ ಮಾಡಿ ನೋಡಿದರು. ಎಷ್ಟು ವರ್ಷದಿಂದ ಯಾರೂ ಬಿತ್ತಿರಲಿಲ್ಲವೋ. “ಯಾರ ಹೊಲಾ ಆದ್ರೇನು, ಇವತ್ತ ಉಪಾಸ ಇರಬಾರದು,” ಎಂದು ಎರಚುತ್ತ ಹೊರಟು, ಎದೆ ತುಂಬಿ ಕೂಗಿದರು. “ಹುಲ್ಲುಲ್ಲಿಗೋ…”

ಅದು ಚರಗದ ಕೂಗು. ಊರಿನಲ್ಲಾದರೆ ಪಕ್ಕದ ಹೊಲದವರು ದನಿಗೂಡಿಸುತ್ತಾರೆ. ಇಲ್ಲಿ ಎದುರಿನ ಗೋಡೆ ಕೂಗಿತು. ಅದರಾಚೆಯದು ಕೂಗಿತು. ಕೊಳ್ಳದ ತಿರುವುಗಳಲ್ಲಿ ಒಬ್ಬರಾದ ಮೇಲೆ ಒಬ್ಬರು ಹುಲ್ಲುಲ್ಲಿಗೋ ಎಂದರು. ಹಿಂದಿನಿಂದ ಮುಚ್ಚಳದ ನೀರನ್ನು ಹನಿಹನಿಯಾಗಿ ಚಿಮುಕಿಸುತ್ತ ಸಾವಕ್ಕ “ಸಲಾಂಬ್ರಿಗೋ” ಎಂದು ಮರುಕೂಗಿಗೆ ದನಿ ಎತ್ತಿದರು. ಅವರ ಸಣ್ಣ ದನಿಯನ್ನೂ ಕೊಳ್ಳ ಅಷ್ಟೇ ಮರ್ಯಾದೆಯಿಂದ ಹಿಂದಿರುಗಿಸಿತು. ಎಲ್ಲರೂ ಮಕ್ಕಳ ಹಾಗೆ ಕೂಗಲು ಹತ್ತಿದರು. ಆಡು ಬೆದರಿ ಬಂಡೆ ಏರಿತು. ನನ್ನ ಸಿಟ್ಟು ಎಲ್ಲಿ ಹೋಯಿತೋ, ಪಂಪು ಒತ್ತುವುದನ್ನು ಬಿಟ್ಟು ನಾನೂ ಒಂದು ಕೂಗು ಹಾಕಿದೆ. ಇಷ್ಟು ವರ್ಷ ಆ ದಾರಿಯಲ್ಲಿ ನಡೆದಿದ್ದೆ, ಆ ಊರಿನಲ್ಲಿ ಹಬ್ಬ ನೋಡಿದ್ದು ಅದೊಂದೇ ಸಲ. ಪಂಪು ಒತ್ತುತ್ತಲೇ ಎರಡು ಕಡಬು ತಿಂದೆ.

ಹೊರಟಾಗ ಬಿಸಿಲು ವಾಲಿತ್ತು. ಮೇಲಿನ ಅರ್ಧದಲ್ಲಿ, ಒಬ್ಬರಿಗೇ ಸರಿಯಾಗುವ ಬಂಡೆಯಂಚಿನ ಒಂದು ದಾರಿ ಇದೆ. ಅದನ್ನು ಬೆಳಕಿನಲ್ಲೇ ದಾಟಬೇಕು. ಕೊಳ್ಳದಲ್ಲಿ ಕತ್ತಲೆ ಬೇಗ ಬರುತ್ತದೆ, ಅವತ್ತು ಅಮಾವಾಸ್ಯೆ ಬೇರೆ. ದಾಟಲಾಗದಿದ್ದರೆ ಅಲ್ಲೇ ಚಳಿಯಲ್ಲಿ ಬೆಳಗು ಮಾಡಬೇಕು. ಎಲ್ಲರಿಗೂ ಹೇಳಿದೆ, ಹೆದರಿಸಲೆಂದೇ ಹೇಳಿದೆ.

ಕಾಲು ಭಾಗ ಹತ್ತುವಷ್ಟರಲ್ಲಿ ಅಣ್ಣಾಸಾಹೇಬರು ಕೂತುಬಿಟ್ಟರು. ಹೊಟ್ಟೆ ತುಂಬ ಹೋಳಿಗೆ, ಎರಡೆರಡು ಕಲ್ಲು ಹಾರಿ ಹತ್ತುವ ಚಾಳಿ. ಮೀನಖಂಡ ಎರಡೂ ಗಂಟು ಕಟ್ಟಿದ್ದವು. ಓಆರ್‌ಎಸ್ ಕಲಸಿದ ನೀರು ಕುಡಿಸಿ, ಕಾಲು ತಿಕ್ಕಿದೆ. “ನೀವೆಲ್ಲಾ ಮುಂದ ಹೋಗ್ರಿ. ನಾ ಸಾವಕಾಶ ಬರ್ತೇನಿ,” ಎಂದರು. ದನಿ ತೀರಾ ಸಣ್ಣದಾಗಿತ್ತು. ಒಬ್ಬರನ್ನು ಹಿಂದೆ ಬಿಟ್ಟು ಹೋಗುವುದು ನಮ್ಮ ಕೆಲಸದಲ್ಲಿ ಇಲ್ಲ.

ನಮ್ಮಲ್ಲಿ ಇಂಥ ಹೊತ್ತಿಗೆ ಸಾಲನ್ನು ತಿರುಗಿಸುತ್ತಾರೆ. ನಿಧಾನದವರು ಎಲ್ಲರ ಮುಂದೆ, ಗಟ್ಟಿಗರು ಹಿಂದೆ. ಮುಂದಿದ್ದವರನ್ನು ಯಾರೂ ದಾಟಕೂಡದು. ಗಟ್ಟಿಗರು ಮುಂದೆ ಹೋದರೆ ಸಾಲು ಹರಿದುಹೋಗುತ್ತದೆ, ಹಿಂದಿನವರು ಅಟ್ಟಿಸಿಕೊಂಡು ಹೋಗಿ ದಮ್ಮು ಕಳೆದುಕೊಳ್ಳುತ್ತಾರೆ. ಕಾಂಬಳೆ ಸರರನ್ನು ಸ್ವೀಪ್ ಮಾಡಿದೆ, ಅಂದರೆ ಎಲ್ಲರ ಬೆನ್ನು ಕಾಯುವ ಕೊನೆಯ ಆಳು. ನಾನು ಅಣ್ಣಾಸಾಹೇಬರ ಬೆನ್ನಿಗೆ. ಅಣ್ಣಾಸಾಹೇಬರ ಮುಂದೆ, ಇಡೀ ಸಾಲಿನ ಮುಂದೆ, ಸಾವಕ್ಕ.

“ನಾನಾ?” ಎಂದರು.

“ನೀವ ಅಕ್ಕಾರ. ಬಾವ್ಯಾಗ ಹತ್ತಿದಂಗ ಹತ್ರಿ. ಹಿಂದ ನೋಡಬ್ಯಾಡ್ರಿ.”

ಅವರು ಹಿಂದಿನ ಕಾಲು ನೆಟ್ಟಗೆ ಮಾಡಿ, ಒಂದು ಉಸಿರು ತೆಗೆದುಕೊಂಡು, ಹೆಜ್ಜೆ ಇಟ್ಟರು. ಮತ್ತೆ ಒಂದು ಉಸಿರು, ಒಂದು ಹೆಜ್ಜೆ. ಮೊದಮೊದಲು ಅಣ್ಣಾಸಾಹೇಬರು, “ಏ, ಜಲ್ದಿ ಹೋಗ,” ಎಂದು ಗೊಣಗಿದರು. ಸ್ವಲ್ಪ ಹೊತ್ತಿಗೆ ಗೊಣಗಲೂ ತ್ರಾಣವಿಲ್ಲದೆ ಹೆಂಡತಿಯ ಹಿಮ್ಮಡಿಯನ್ನೇ ನೋಡುತ್ತ, ಅವರು ಕಾಲಿಟ್ಟ ಕಲ್ಲಿನ ಮೇಲೇ ಕಾಲಿಡತೊಡಗಿದರು. “ನಿಂದರ್ರಿ,” ಎನ್ನುತ್ತಿದ್ದರು ಸಾವಕ್ಕ, ಇವರು ನಿಲ್ಲುತ್ತಿದ್ದರು. “ಒಂದ ಗುಟುಕ ಕುಡೀರಿ. ಒಂದ ಅಂದ್ರ ಒಂದ.” ಇವರು ಒಂದೇ ಗುಟುಕು ಕುಡಿದು ಬಾಟಲಿ ವಾಪಸು ಕೊಡುತ್ತಿದ್ದರು. ಹಿಂದಿನ ಹನ್ನೆರಡು ಮಂದಿಯೂ ಅದೇ ಉಸಿರಿಗೆ ಹತ್ತಿದರು. ಗಂಟೆಗಳ ಕಾಲ ಕೇಳಿಸಿದ್ದು ಕೋಲಿನ ಟಕ್ ಟಕ್ ಮಾತ್ರ. ಅಷ್ಟು ಅಚ್ಚುಕಟ್ಟಾದ ಏರು ನಾನು ಪಳಗಿದ ಗುಂಪುಗಳಲ್ಲೂ ಕಂಡಿರಲಿಲ್ಲ.

ಬಂಡೆಯಂಚಿನ ದಾರಿಗೆ ಬಂದಾಗ ಬಿಸಿಲು ಎದುರುಗೋಡೆಯ ತುದಿಗೆ ಹತ್ತಿತ್ತು, ಆದರೆ ಕಾಲಿನ ಕೆಳಗಿನ ಕಲ್ಲು ಕಾಣುವಷ್ಟು ಬೆಳಕಿತ್ತು. ಅಲ್ಲಿ ಸಾವಕ್ಕ ಒಮ್ಮೆ ನಿಂತರು. ಮಂಡಿ ಉರಿಯುತ್ತಿತ್ತೆಂದು ಆಮೇಲೆ ಹೇಳಿದರು. ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಅಣ್ಣಾಸಾಹೇಬರು ಹೇಳಿದರು, “ಸಾವಕಾಶ. ನಾ ಅದೇನಿ ಹಿಂದ.” ಸಾವಕ್ಕ ಕೋಲು ಊರಿ ದಾಟಿದರು. ಒಬ್ಬೊಬ್ಬರಾಗಿ ಎಲ್ಲರೂ ದಾಟಿದೆವು.

ರಿಮ್ ಮೇಲೆ ಮೊದಲು ಕಾಲಿಟ್ಟವರು ಸಾವಕ್ಕ. ಆಕಾಶದಲ್ಲಿ ಇನ್ನೂ ಕೆಂಪು ಉಳಿದಿತ್ತು. ಎಲ್ಲರೂ ಬಂದ ಮೇಲೆ ತಲೆ ಎಣಿಸಿದೆ, ಕೈ ಮುಗಿದೆ, ಯಾರಿಗೆ ಮುಗಿದೆನೋ ತಿಳಿಯದು. ಕೆಲವರು ನೆಲದ ಮೇಲೆ ಅಂಗಾತ ಮಲಗಿ ನಗುತ್ತಿದ್ದರು. ಕಾಂಬಳೆ ಸರ ಉಳಿದ ಹೋಳಿಗೆ ಹಂಚಿದರು, ಕೆಳಗಿನಿಂದ ಹೊತ್ತು ತಂದಿದ್ದರು ಮಹಾನುಭಾವರು.

ಮೇಲೆ ಮೊಬೈಲಿಗೆ ಸಿಗ್ನಲ್ ಸಿಗುತ್ತದೆ. ಅಣ್ಣಾಸಾಹೇಬರ ಮಗ ಮಂಗಸೂಳಿಯಿಂದ ಫೋನು ಮಾಡಿದ. ಈಗ ಇಡೀ ಕೊಳ್ಳವನ್ನು ಇವರು ಒಬ್ಬರೇ ಗೆದ್ದ ಕಥೆ ಕೇಳಬೇಕಾಗುತ್ತದೆ ಎಂದು ನಾನೂ ಕಾಂಬಳೆ ಸರರೂ ಒಬ್ಬರನ್ನೊಬ್ಬರು ನೋಡಿಕೊಂಡೆವು.

“ಹಾಂ, ಬಂದ್ವಿ ಮ್ಯಾಲ,” ಎಂದರು ಅಣ್ಣಾಸಾಹೇಬರು. “ನಾ ಆರಾಮ ಅದೇನಿ, ಕಾಳಜಿ ಮಾಡಬ್ಯಾಡ. ನಿಮ್ಮವ್ವ ಕರಕೊಂಡು ಬಂದಾಳ.”

ಹೇಳಿ, ಫೋನನ್ನು ಹೆಂಡತಿಯ ಕೈಗೆ ಕೊಟ್ಟರು. ಕಣ್ಣು ಒರೆಸಿಕೊಂಡು ಗಾಡಿಯ ಕಡೆ ಹೋದರು. ಮಗ ಅತ್ತಲಿಂದ ಏನೋ ಕೇಳಿದ. ಸಾವಕ್ಕ ಕೊಳ್ಳದ ಕಡೆ ತಿರುಗಿ ನಿಂತು ನಿಧಾನವಾಗಿ ಉತ್ತರಿಸಿದರು. “ಹೆಂಗೈತಿ ಅಂತ ಫೋನಿನ್ಯಾಗ ಹೇಳಾಕ ಬರೂದಿಲ್ಲಪಾ. ನೀ ಬಾ, ನಾ ಕರಕೊಂಡ ಹೋಗಿ ತೋರಸ್ತೇನಿ.”

ಅದಾದ ಮೇಲೂ ನಾನು ಎಷ್ಟೋ ಮಂದಿಯನ್ನು ಆ ದಾರಿಯಲ್ಲಿ ಇಳಿಸಿ ಹತ್ತಿಸಿದೆ. ಚೀಲ ಬಿಚ್ಚಿ ನೋಡದೆ ಯಾರನ್ನೂ ಬಿಡಲಿಲ್ಲ. ಆದರೆ ಆ ದಿನದಿಂದ ನನ್ನ ಕೆಲಸದಲ್ಲಿ ನಿಜವಾಗಿ ಬದಲಾದದ್ದು ಅದಲ್ಲ. ಗೈಡ್ ಆದವನಿಗೆ ಬೇಡ ಅನ್ನುವುದು ಬಲು ಸುಲಭ, ಅದರಿಂದ ಅವನಿಗೆ ಏನೂ ನಷ್ಟವಿಲ್ಲ. ನಷ್ಟವೆಲ್ಲ ಮೇಲೆ ಕೂತು ಉಳಿದವರದ್ದು, ಅದನ್ನು ಅವರು ಯಾರಿಗೂ ಹೇಳದೆ ಮನೆಗೆ ಹೋಗುತ್ತಾರೆ. ಆಮೇಲಿನ ವರ್ಷಗಳಲ್ಲಿ ಗಂಡನೋ, ಮಗನೋ, ಮಗಳೋ ನನ್ನನ್ನು ಪಕ್ಕಕ್ಕೆ ಕರೆದು, ಅವರಿಗೆ ಆಗುವುದಿಲ್ಲ, ನೀವೇ ಹೇಳಿಬಿಡಿ ಎಂದಾಗಲೆಲ್ಲ ನಾನು ಒಂದೇ ಮಾತು ಹೇಳಿದೆ. ಅವರನ್ನೇ ಕಳಿಸಿ, ಮಾತಾಡುತ್ತೇನೆ.